ಆಗ್ಫಾ ಐಸೊಲೆಟ್ 3: ಬಹುಕಾಲ ಬಳಸಿದ ಮೇಲೆ

ಐಸೊಲೆಟ್ 3 ಮಡಚಿ ಇಡಬಹುದಾದ ಹಳೇ ಫಿಲ್ಮ್ ಕ್ಯಾಮೆರಾ. ಮೊದಲೇ ಹೇಳಿಬಿಡುತ್ತೇನೆ: ರಿಪೇರಿ ಮಾಡಿಸದ ಐಸೊಲೆಟ್ ಅಗ್ಗಕ್ಕೆ ಸಿಕ್ಕರೂ ದುಬಾರಿಯೇ. ಮಾರಾಟಕ್ಕೆ ಬರುವ ಬಹುಪಾಲು ಪೀಸುಗಳಲ್ಲಿ ಫೋಕಸ್ ರಿಂಗ್ ಕಚ್ಚಿಕೊಂಡಿರುತ್ತದೆ, ಬೆಲ್ಲೋಸ್‌ನ (ಲೆನ್ಸಿಗೂ ಕ್ಯಾಮೆರಾಗೂ ನಡುವಿನ ಮಡಿಕೆ ಚೀಲ) ಮೂಲೆಗಳಲ್ಲಿ ತೂತು ಬಿದ್ದಿರುತ್ತದೆ. ಈ ಎರಡನ್ನೂ ಸರಿಮಾಡಿದ ಕ್ಯಾಮೆರಾ ಮಾತ್ರ ಕೋಟಿನ ಜೇಬಿನಲ್ಲಿ ಇಟ್ಟುಕೊಂಡು ಓಡಾಡಬಹುದಾದ ಅಪ್ಪಟ ಮೀಡಿಯಂ ಫಾರ್ಮ್ಯಾಟ್, ಅಂದರೆ 35 ಎಂಎಂಗಿಂತ ದೊಡ್ಡ ಫಿಲ್ಮಿನ ಕ್ಯಾಮೆರಾ. ಬೆಲೆ ನೋಡುವಾಗ ರಿಪೇರಿಯ ಖರ್ಚನ್ನೂ ಸೇರಿಸಿಯೇ ನೋಡಿ.

1950ರ ದಶಕದಲ್ಲಿ ಮ್ಯೂನಿಕ್‌ನ ಆಗ್ಫಾ ಕಾರ್ಖಾನೆಯಲ್ಲಿ ತಯಾರಾದದ್ದು. ಅಮೆರಿಕದಲ್ಲಿ ಇದನ್ನೇ ಆನ್ಸ್ಕೋ ಸ್ಪೀಡೆಕ್ಸ್ ಸ್ಪೆಷಲ್ ಆರ್ ಅಂತ ಮಾರಿದರು, ಹುಡುಕುವಾಗ ಆ ಹೆಸರನ್ನೂ ಹಾಕಿ ನೋಡಿ. 120 ಅಳತೆಯ ಫಿಲ್ಮ್ ರೋಲ್‌ಗೆ 6×6 ಸೆಂ.ಮೀ.ನ 12 ಫ್ರೇಮು. ನೆಗೆಟಿವ್ ಸುಮಾರು 56 ಮಿ.ಮೀ. ಚೌಕ, ಅಂದರೆ ವಿಸ್ತೀರ್ಣದಲ್ಲಿ 35 ಎಂಎಂ ನೆಗೆಟಿವ್‌ನ ಮೂರೂವರೆ ಪಟ್ಟಿಗಿಂತಲೂ ಹೆಚ್ಚು. ಅದೇ ಕಾಲದ ಕೊಡಾಕ್ ಫೋಲ್ಡಿಂಗ್ ಕ್ಯಾಮೆರಾಗಳಲ್ಲಿ ಅನೇಕವು 620 ಸ್ಪೂಲ್ ಕೇಳುತ್ತವೆ. ಒಳಗಿನ ಫಿಲ್ಮ್ ಒಂದೇ ಆದರೂ ಸ್ಪೂಲ್ ಬೇರೆ, ಮತ್ತೆ ಸುತ್ತುವ ರಗಳೆ. ಇಲ್ಲಿ ಆ ತಲೆನೋವಿಲ್ಲ.

ಲೆನ್ಸ್ ಎರಡು ಬಗೆ. ಅಪೋಟಾರ್ ಮೂರು ಗಾಜಿನದು, ಅಪರ್ಚರ್ (ಬೆಳಕು ಬಿಡುವ ಕಿಂಡಿ, f ಅಂಕಿ ಚಿಕ್ಕದಾದಷ್ಟೂ ದೊಡ್ಡದು) f/8ಕ್ಕಿಂತ ಹೆಚ್ಚು ತೆರೆದರೆ ಅಂಚು ಮೆತ್ತಗಾಗುತ್ತದೆ. ಸೋಲಿನಾರ್ 75 ಮಿ.ಮೀ. f/3.5, ಝೈಸ್‌ನ ಹೆಸರಾಂತ ಟೆಸ್ಸಾರ್ ಲೆನ್ಸಿನ ಮಾದರಿಯ ನಾಲ್ಕು ಗಾಜಿನದು. f/5.6ರಿಂದಲೇ ನಡುಭಾಗ ಚೂಪಾಗಿ ಬರುತ್ತದೆ, f/11ರಲ್ಲಿ ಮೂಲೆಗಳೂ ಚೂಪಾಗುತ್ತವೆ. ಸ್ವಲ್ಪ ಹೆಚ್ಚು ಕೊಟ್ಟಾದರೂ ಸೋಲಿನಾರ್ ಇರುವುದನ್ನೇ ತೆಗೆದುಕೊಳ್ಳಿ.

ಈಗ ಕುಖ್ಯಾತ ಹಸಿರು ಗ್ರೀಸಿನ ವಿಷಯ. ಫೋಕಸ್ ಥ್ರೆಡ್‌ಗೆ ಆಗ್ಫಾ ಹಚ್ಚಿದ ಗ್ರೀಸ್ ದಶಕಗಳಲ್ಲಿ ಅಂಟಿನಂತೆ ಗಟ್ಟಿಯಾಗಿದೆ. ಇಲ್ಲೊಂದು ಮೋಸವಿದೆ. ರಿಂಗ್ ತಿರುಗುತ್ತಿದೆ ಎಂದಮಾತ್ರಕ್ಕೆ ಫೋಕಸ್ ಸರಿಯಾಗಿದೆ ಎಂದಲ್ಲ. ಮುಂದಿನ ಗಾಜು ಮತ್ತು ಅದರ ಹಿಂದಿನ ಗಾಜು ಒಂದಕ್ಕೊಂದು ಅಂಟಿಕೊಂಡು, ಎರಡೂ ಸೇರಿ ಶಟರ್‌ನಿಂದಲೇ ಬಿಚ್ಚಿಕೊಳ್ಳುತ್ತಿರಬಹುದು. ಆಗ ಸ್ಕೇಲ್ ಏನು ತೋರಿಸಿದರೂ ಫೋಟೊ ಮಸುಕೇ. ಬಿಚ್ಚುವ ಕ್ರಮ ಹೀಗೆ: ರಿಂಗಿನ ಅಂಚಿನಲ್ಲಿರುವ ಮೂರು ಸಣ್ಣ ಸ್ಕ್ರೂ ಸಡಿಲಿಸಿ ರಿಂಗ್ ತೆಗೆಯಿರಿ. ಒಳಗಿನ ಎರಡೂ ಗಾಜಿನ ಭಾಗ ಒಟ್ಟಿಗೇ ಹೊರಬಂದರೆ ಆ ಜೋಡಿಯನ್ನು ಲೈಟರ್ ಫ್ಲೂಯಿಡ್‌ನಲ್ಲಿ ರಾತ್ರಿಯಿಡೀ ನೆನೆಹಾಕಿ, ಆಮೇಲೆ ಹೇರ್ ಡ್ರೈಯರ್‌ನಿಂದ ಹದವಾಗಿ ಬಿಸಿಮಾಡಿ ಬಿಡಿಸಿ. (ಫ್ಲೂಯಿಡ್ ಪೂರ್ತಿ ಆರಿದ ಮೇಲೆಯೇ ಬಿಸಿ, ಹಸಿ ಇರುವಾಗ ಬೆಂಕಿ ಹತ್ತೀತು.) ಬರಲಿಲ್ಲವೆಂದು ಇಕ್ಕಳ ಹಾಕಿದರೆ ಹಿತ್ತಾಳೆ ಅಂಡಾಕಾರವಾಗುತ್ತದೆ, ಆಮೇಲೆ ಥ್ರೆಡ್ ಯಾವತ್ತೂ ನುಣುಪಾಗಿ ತಿರುಗುವುದಿಲ್ಲ. ಎರಡೂ ಬೇರೆಯಾಗುವ ಕ್ಷಣದಲ್ಲಿ ಯಾವ ಸ್ಥಾನದಲ್ಲಿ ಥ್ರೆಡ್ ಬಿಟ್ಟಿತೆಂದು ಗುರುತು ಹಾಕಿಕೊಳ್ಳಿ, ಕೂರಿಸುವಾಗ ಅಲ್ಲಿಂದಲೇ ಹಿಡಿಸಬೇಕು. ಹಳೇ ಗ್ರೀಸ್ ಒಂದಿಷ್ಟೂ ಉಳಿಯದಂತೆ ತೊಳೆದು, ಹೊಸ ಗ್ರೀಸನ್ನು ಥ್ರೆಡ್ ಮೇಲೆ ಒದ್ದೆ ಕಾಣುವಷ್ಟು ಮಾತ್ರ ಹಚ್ಚಿ. ಹೆಚ್ಚಾದರೆ ಅದು ಶಟರ್ ಬ್ಲೇಡಿಗೆ ಇಳಿಯುತ್ತದೆ.

ಜೋಡಿಸಿದ ಮೇಲೆ ಇನ್ಫಿನಿಟಿ (ತೀರಾ ದೂರದ ಫೋಕಸ್) ಹೊಂದಿಸಲೇಬೇಕು. ಹಿಂಬಾಗಿಲು ತೆಗೆದು, ಫಿಲ್ಮ್ ಕೂರುವ ಹಳಿಗಳ ಮೇಲೆ ಮ್ಯಾಟ್ ಟೇಪನ್ನು ಬಿಗಿಯಾಗಿ ಎಳೆದು ಅಂಟಿಸಿ, ಶಟರನ್ನು ‘B’ಗೆ (ಒತ್ತಿ ಹಿಡಿದಷ್ಟು ಹೊತ್ತು ತೆರೆದಿರುವ ಗುರುತು) ಇಟ್ಟು ಕೇಬಲ್ ರಿಲೀಸ್‌ನಿಂದ ತೆರೆದಿಟ್ಟು, f/3.5ರಲ್ಲಿ ಅರ್ಧ ಕಿಲೋಮೀಟರಿಗಿಂತ ದೂರದ ಮೊಬೈಲ್ ಟವರನ್ನೋ ನೀರಿನ ಟ್ಯಾಂಕನ್ನೋ ಲೂಪ್‌ನಲ್ಲಿ (ಭೂತಗನ್ನಡಿ) ನೋಡುತ್ತ ಮುಂದಿನ ಗಾಜು ತಿರುಗಿಸಿ. ಅತ್ಯಂತ ಚೂಪಾದ ಜಾಗದಲ್ಲಿ ರಿಂಗನ್ನು ಇನ್ಫಿನಿಟಿಗೆ ಇಟ್ಟು ಮೂರೂ ಸ್ಕ್ರೂ ಬಿಗಿಯಿರಿ.

ಬೆಲ್ಲೋಸ್ ಪರೀಕ್ಷೆಗೆ ಕತ್ತಲೆ ಕೋಣೆ, ಒಂದು ಸಣ್ಣ ಎಲ್‌ಇಡಿ ಟಾರ್ಚ್ ಸಾಕು. ಹಿಂದಿನಿಂದ ಬೆಳಕು ಬಿಟ್ಟು ಹೊರಗಿನ ಮಡಿಕೆ ಮೂಲೆಗಳನ್ನು ನೋಡಿ. ಝೈಸ್ ಇಕಾನ್‌ನವರು ತಮ್ಮ ಮಡಚುವ ಇಕೊಂಟಾ ಕ್ಯಾಮೆರಾಗಳಿಗೆ ಹಾಕಿದ್ದ ಚರ್ಮದ ಬೆಲ್ಲೋಸ್ ಸಾಮಾನ್ಯವಾಗಿ ಇವತ್ತಿಗೂ ಬೆಳಕು ಬಿಡುವುದಿಲ್ಲ. ಆಗ್ಫಾದ್ದು ಪ್ಲಾಸ್ಟಿಕ್ ಲೇಪನದ ಬಟ್ಟೆ, ಮೂಲೆಯಲ್ಲಿ ಮೊದಲು ಲೇಪನ ಉದುರುತ್ತದೆ. ಒಂದೆರಡು ಸೂಜಿ ತೂತಾದರೆ ಕಪ್ಪು ಫ್ಯಾಬ್ರಿಕ್ ಪೇಂಟ್ ಕೆಲಕಾಲ ತಡೆಯುತ್ತದೆ. ಆದರೆ ಬಣ್ಣ ಬಳಿದಷ್ಟೂ ದಪ್ಪವಾಗಿ, ಮಡಚುವಾಗ ಪಕ್ಕದಲ್ಲಿ ಹೊಸ ಬಿರುಕು ಬಿಡುತ್ತದೆ. ಹೊಸ ಬೆಲ್ಲೋಸ್ ಹಾಕಿಸುವುದೇ ಲೇಸು.

ಶಟರ್ ಬಗ್ಗೆ ಅಷ್ಟು ಹೆದರಬೇಕಿಲ್ಲ. ಪ್ರೊಂಟರ್ ಎಸ್‌ವಿಎಸ್ ಶಟರ್ ಗಟ್ಟಿಮುಟ್ಟು. 1 ಸೆಕೆಂಡ್, ಅರ್ಧ ಸೆಕೆಂಡ್ ಎಳೆದಾಡಿದರೆ ನಿಧಾನ ವೇಗದ ಗೇರುಗಳಲ್ಲಿ ಎಣ್ಣೆ ಒಣಗಿದೆ ಅಂತ ಅರ್ಥ. ತೊಳೆಯಿರಿ, ಹೊಸ ಎಣ್ಣೆ ಬಿಡಬೇಡಿ. ಫೋನಿನಲ್ಲಿ ಸೆಕೆಂಡಿಗೆ 240 ಫ್ರೇಮಿನ ಸ್ಲೋ ಮೋಷನ್ ತೆಗೆದು ನೋಡಿದರೆ, 1/25 ಸೆಕೆಂಡಿಗೆ ಸುಮಾರು 10 ಫ್ರೇಮು ತೆರೆದಿರಬೇಕು. 1/300 ಮಾತ್ರ ಹೆಸರಿಗಷ್ಟೇ, ಅದನ್ನು 1/200 ಎಂದೇ ಲೆಕ್ಕ ಹಾಕಿ. ವಿ ಅಂತ ಇರುವುದು ಸೆಲ್ಫ್ ಟೈಮರ್, ಅದರ ತಂಟೆಗೆ ಹೋಗಬೇಡಿ: ನಡುವೆ ನಿಂತರೆ ಇಡೀ ಶಟರ್ ಲಾಕ್.

ಬಳಸುವಾಗ ನೆನಪಿಡಬೇಕಾದ್ದು ಗಾಳಿಯ ಒತ್ತಡ. ಬಟನ್ ಒತ್ತಿ ಮುಂಬಾಗಿಲನ್ನು ಟಪ್ಪನೆ ಹಾರಲು ಬಿಟ್ಟರೆ ಬೆಲ್ಲೋಸ್ ಹಿಗ್ಗುವ ರಭಸಕ್ಕೆ ಫಿಲ್ಮ್ ಮುಂದಕ್ಕೆ ಉಬ್ಬುತ್ತದೆ, ನಡುಭಾಗ ಫೋಕಸ್ ತಪ್ಪುತ್ತದೆ. ಬಾಗಿಲಿಗೆ ಕೈ ಕೊಟ್ಟು ನಿಧಾನವಾಗಿ ಇಳಿಸಿ, ಕ್ಯಾಮೆರಾ ತೆರೆದ ಮೇಲೆಯೇ ಮುಂದಿನ ಫ್ರೇಮಿಗೆ ಸುತ್ತಿ. ಹೀಗೆ ಸುತ್ತಿದರೆ ಉಬ್ಬಿದ ಭಾಗ ಬಿಗಿದುಕೊಳ್ಳುತ್ತದೆ. ಸುತ್ತುವಾಗ ಹಿಂಬದಿಯ ಕೆಂಪು ಕಿಟಕಿಯಲ್ಲಿ ನಂಬರ್ ನೋಡಿ, ಕೂಡಲೇ ಮುಚ್ಚಳ ಎಳೆದುಬಿಡಿ. ಆ ಕಿಟಕಿ ಹುಟ್ಟಿದ್ದು ಕೆಂಪು ಬೆಳಕೇ ತಾಗದ ಆರ್ಥೊ ಫಿಲ್ಮಿನ ಕಾಲದಲ್ಲಿ. ಇವತ್ತಿನ ಪ್ಯಾನ್ (ಎಲ್ಲ ಬಣ್ಣದ ಬೆಳಕೂ ತಾಗುವ) ಫಿಲ್ಮಿಗೆ ಕೆಂಪೂ ತಾಗುತ್ತದೆ. ಬೇಗ ಬೆಳಕು ತಾಗುವ ISO 400ರ ಫಿಲ್ಮ್ ಹಾಕಿದ್ದರಂತೂ ನೆರಳಿನಲ್ಲೇ ಸುತ್ತಿ.

ದೂರ ಅಳೆಯುವ ರೇಂಜ್‌ಫೈಂಡರ್ ಲೆನ್ಸಿಗೆ ಜೋಡಣೆಯಾಗಿಲ್ಲ. ಮೇಲಿನ ಚಕ್ರ ತಿರುಗಿಸಿ ಎರಡು ಬಿಂಬ ಕೂಡಿಸಿ, ಅಲ್ಲಿ ಬಂದ ದೂರವನ್ನು ಲೆನ್ಸಿನ ರಿಂಗಿಗೆ ಕೈಯಾರೆ ದಾಟಿಸಬೇಕು. ಇದೇ ಕೊರತೆಯೆಂದು, ರೇಂಜ್‌ಫೈಂಡರ್ ಲೆನ್ಸಿಗೇ ಜೋಡಣೆಯಾಗಿರುವ ದುಬಾರಿ ಸೂಪರ್ ಐಸೊಲೆಟ್ ಹಿಂದೆ ಹೋಗುವವರಿದ್ದಾರೆ. ನನಗೆ ಅದು ಅಗತ್ಯ ಅನಿಸಿಲ್ಲ. ಬೀದಿಯಲ್ಲಿ f/11, 10 ಮೀಟರ್‌ಗೆ ಇಟ್ಟರೆ 5 ಮೀಟರಿನಿಂದ ಇನ್ಫಿನಿಟಿವರೆಗೆ ಎಲ್ಲ ಸ್ಪಷ್ಟ. f/16, 7 ಮೀಟರ್ ಆದರೆ ಮೂರೂವರೆ ಮೀಟರಿನಿಂದ. ರೇಂಜ್‌ಫೈಂಡರ್ ಬೇಕಾಗುವುದು ಮುಖ ತೆಗೆಯುವಾಗ: 2 ಮೀಟರಿನಲ್ಲಿ f/3.5ಕ್ಕೆ ಸ್ಪಷ್ಟವಾಗಿ ಸಿಗುವ ಆಳ ಒಟ್ಟು 25 ಸೆಂ.ಮೀ., ಅದೇ f/8ರಲ್ಲಿ 58. ಬಿಂಬ ಮಂಕಾಗಿದ್ದರೆ ಒಳಗಿನ ಅರೆಗನ್ನಡಿಯನ್ನು ಬಟ್ಟೆಯಿಂದ ಒರೆಸಲು ಹೋಗಬೇಡಿ, ಲೇಪನವೇ ಎದ್ದುಬರುತ್ತದೆ. ವ್ಯೂಫೈಂಡರ್ ಮುಂಗಾಜಿನ ನಡುವೆ ಕಪ್ಪು ಟೇಪಿನ ಸಣ್ಣ ಚುಕ್ಕೆ ಅಂಟಿಸಿದರೆ ಎರಡನೇ ಬಿಂಬ ಎದ್ದು ಕಾಣುತ್ತದೆ.

ಸೋಲಿನಾರ್‌ಗೆ ಒಂದೇ ಪದರದ ಕೋಟಿಂಗ್, ಎದುರು ಬಿಸಿಲಿಗೆ ಹುಡ್ (ಲೆನ್ಸಿನ ನೆರಳು ಮುಚ್ಚಿಗೆ) ಬೇಕೇ ಬೇಕು. ಇಲ್ಲದಿದ್ದರೆ ನೆರಳುಗಳೆಲ್ಲ ಬೂದು. ನಮ್ಮ ಮಧ್ಯಾಹ್ನದ ಬಿಸಿಲಿಗೆ 100ರ ಫಿಲ್ಮ್, f/16, 1/100 ಸಾಕು.

ಮುಗಿದ ರೋಲನ್ನು ಹೊರತೆಗೆಯುವಾಗ ಸಡಿಲವಾಗಿ ಸುತ್ತಿದ್ದರೆ ಅಂಚಿಗೆ ಬೆಳಕು ನುಗ್ಗುತ್ತದೆ. ಲೋಡ್ ಮಾಡುವಾಗಲೇ ತುಂಬಿದ ಸ್ಪೂಲ್ ಮೇಲೆ ಹೆಬ್ಬೆರಳಿನಿಂದ ಮೆಲ್ಲಗೆ ಒತ್ತಿ ಹಿಡಿದು ಬಾಣದ ಗುರುತಿನವರೆಗೆ ಸುತ್ತಿ, ಆಮೇಲೆ ಹಿಂಬಾಗಿಲು ಹಾಕಿ. ಕರಾವಳಿ, ಮಲೆನಾಡಿನವರು ಮಳೆಗಾಲದಲ್ಲಿ ಇದನ್ನು ಮೂಲ ಚರ್ಮದ ಕೇಸಿನಲ್ಲಿ ಇಡಬೇಡಿ. ಚರ್ಮಕ್ಕೆ ಬೂಷ್ಟು ಬಂದರೆ ಲೆನ್ಸಿಗೂ ಹಬ್ಬುತ್ತದೆ. ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆಗಿಟ್ಟು, ವಾರಕ್ಕೊಮ್ಮೆ ಹೊರತೆಗೆದು ಎಲ್ಲ ವೇಗದಲ್ಲೂ ನಾಲ್ಕು ಸಲ ಶಟರ್ ಹೊಡೆಯಿರಿ.