ಅಲ್ಯೂಮಿನಿಯಂ ಸಿಲಿಂಡರಿನ ಕಾರ್ಬನ್ ಮಾನಾಕ್ಸೈಡ್: ನಾಲ್ಕು ವರ್ಷಗಳ ಬಳಕೆಯ ನಂತರ

ಕ್ರಿಯಾವರ್ಧಕಗಳನ್ನು ಪರೀಕ್ಷಿಸುವ ನಮ್ಮ ಪ್ರಯೋಗಾಲಯಕ್ಕೆ ನಾಲ್ಕು ವರ್ಷಗಳಿಂದ ಈ ಅನಿಲವನ್ನು ಅಲ್ಯೂಮಿನಿಯಂ ಸಿಲಿಂಡರಿನಲ್ಲಿಯೇ ತರಿಸುತ್ತಿದ್ದೇವೆ. ಅದಕ್ಕೂ ಮೊದಲು ಉಕ್ಕಿನ ಸಿಲಿಂಡರ್ ಬರುತ್ತಿತ್ತು. ಎರಡರ ಪ್ರಮಾಣಪತ್ರದಲ್ಲಿಯೂ ಶುದ್ಧತೆ ಶೇ 99.9 ಎಂದೇ ನಮೂದಾಗಿತ್ತು. ಆದರೆ ಉಕ್ಕಿನ ಸಿಲಿಂಡರಿನ ಅನಿಲವನ್ನು ಹರಿಸಿದಾಗ, ಕ್ವಾರ್ಟ್ಜ್ ನಳಿಕೆಯು ಕುಲುಮೆಯನ್ನು ಹೊಗುವ ಜಾಗದಲ್ಲಿ ಕೆಲವೇ ದಿನಗಳೊಳಗೆ ಕೆಂಗಂದು ಬಣ್ಣದ ಉಂಗುರ ಮೂಡುತ್ತಿತ್ತು, ಪ್ಲಾಟಿನಂ ಕ್ರಿಯಾವರ್ಧಕದ ಚುರುಕು ದಿನೇ ದಿನೇ ಇಳಿಯುತ್ತಿತ್ತು. ನಮ್ಮ ತಯಾರಿಕೆಯಲ್ಲಿಯೇ ದೋಷವಿದೆಯೆಂದು ತಿಳಿದು ಎರಡು ತಿಂಗಳು ಹುಡುಕಾಡಿದೆವು.

ದೋಷವಿದ್ದದ್ದು ಪಾತ್ರೆಯಲ್ಲಿ. ಅಧಿಕ ಒತ್ತಡದಲ್ಲಿ ತಿಂಗಳುಗಟ್ಟಲೆ ನಿಂತ ಕಾರ್ಬನ್ ಮಾನಾಕ್ಸೈಡ್, ಉಕ್ಕಿನಲ್ಲಿರುವ ಕಬ್ಬಿಣದೊಡನೆ ನಿಧಾನವಾಗಿ ಕೂಡಿ ಐರನ್ ಪೆಂಟಾಕಾರ್ಬೊನಿಲ್ ಆಗುತ್ತದೆ. 103 ಡಿಗ್ರಿ ಸೆಲ್ಸಿಯಸ್‌ಗೆ ಕುದಿಯುವ ಈ ದ್ರವದ ಆವಿಯು ಅನಿಲದ ಜೊತೆಗೇ ಬಂದು, ಬಿಸಿ ತಾಗಿದಲ್ಲಿ ಒಡೆದು ಕಬ್ಬಿಣವನ್ನು ಅಲ್ಲಿಯೇ ಬಿಡುತ್ತದೆ. (ನಿಕಲ್ ಕೂಡ ಹೀಗೆ ಆವಿಯಾಗಿ ಹೋಗುವುದನ್ನು 1890ರಲ್ಲಿ ಪ್ರಕಟಿಸಿದ ರಸಾಯನಶಾಸ್ತ್ರಜ್ಞ ಲುಡ್ವಿಗ್ ಮಾಂಡ್ ಅವರು ಅದರಿಂದಲೇ ನಿಕಲ್ ಶುದ್ಧೀಕರಣದ ಉದ್ಯಮವನ್ನು ಕಟ್ಟಿದರು.) ಅಲ್ಯೂಮಿನಿಯಂ ಸಿಲಿಂಡರಿಗೆ ಬದಲಾದ ಮೇಲೆ ಉಂಗುರ ಬಹುಮಟ್ಟಿಗೆ ನಿಂತಿತು. ರೆಗ್ಯುಲೇಟರ್ ಮತ್ತು ಕೊಳವೆಗಳು ಇನ್ನೂ ಉಕ್ಕಿನವೇ ಆದ್ದರಿಂದ, ಸುಮಾರು 300 ಡಿಗ್ರಿಗೆ ಕಾಯಿಸಿದ ಅಲ್ಯೂಮಿನಾ (ಅಲ್ಯೂಮಿನಿಯಂ ಆಕ್ಸೈಡ್) ಹರಳುಗಳ ನಳಿಕೆಯೊಂದನ್ನು ಕುಲುಮೆಗೆ ಮುಂಚೆ ಇಟ್ಟಿದ್ದೇವೆ. ಅದರಲ್ಲಿ ಶೇಖರವಾಗುವ ಕಬ್ಬಿಣವೇ ಅನಿಲವನ್ನು ಮಸಿಯಾಗಿಯೂ ಕಾರ್ಬನ್ ಡೈಆಕ್ಸೈಡ್ ಆಗಿಯೂ ಒಡೆಯತೊಡಗುವುದರಿಂದ, ಹರಳುಗಳು ಕಪ್ಪಾಗುವ ಮೊದಲೇ ಬದಲಿಸಬೇಕು.

ಅನಿಲವನ್ನು ಯಾವ ವಿಧಾನದಿಂದ ಬೇರ್ಪಡಿಸಿದ್ದಾರೆಂದು ಕೇಳುವುದನ್ನೂ ಈಗ ರೂಢಿಸಿಕೊಂಡಿದ್ದೇನೆ. ಮೀಥೇನ್ ಮತ್ತು ಹಬೆಯಿಂದ ಪಡೆದ ಮಿಶ್ರಣದಲ್ಲಿ ಕಾರ್ಬನ್ ಡೈಆಕ್ಸೈಡನ್ನು ಅಮೀನ್ ದ್ರಾವಣದಿಂದ ತೊಳೆದು, ತೇವ ತೆಗೆದು, ಅತಿಶೈತ್ಯದಲ್ಲಿ ದ್ರವೀಕರಿಸಿದರೆ ಜಲಜನಕ ಸುಲಭವಾಗಿ ಬೇರೆಯಾಗುತ್ತದೆ. ಸಾರಜನಕ ಹಾಗಲ್ಲ, ಏಕೆಂದರೆ ಅದರ ಕುದಿಬಿಂದು −195.8 ಡಿಗ್ರಿ, ಕಾರ್ಬನ್ ಮಾನಾಕ್ಸೈಡಿನದು −191.5. ತಾಮ್ರದ ಲವಣವನ್ನು ಲೇಪಿಸಿದ ಹೀರಿಕೆಯ ಹರಳುಗಳು ಕಾರ್ಬನ್ ಮಾನಾಕ್ಸೈಡನ್ನು ಮಾತ್ರ ಬಿಗಿಯಾಗಿ ಹಿಡಿದು ಸಾರಜನಕವನ್ನು ಬಿಟ್ಟುಬಿಡುತ್ತವೆ. ನಮ್ಮ ಕೆಲಸಕ್ಕೆ ತುಸು ಸಾರಜನಕ ಅಡ್ಡಿಯಲ್ಲ; ಕಾರ್ಬೊನಿಲ್ ಒಂದು ಕಣವೂ ಬೇಡ.

ಅಲ್ಯೂಮಿನಿಯಂ ಸಿಲಿಂಡರಿನ ಬೆಲೆ ಹೆಚ್ಚು, ಸರಬರಾಜು ಕೆಲವೊಮ್ಮೆ ವಾರಗಟ್ಟಲೆ ತಡವಾಗುತ್ತದೆ. ವಾಸನೆಯೇ ಇಲ್ಲದ ವಿಷಾನಿಲವಾದ್ದರಿಂದ 25 ಪಿಪಿಎಂಗೆ (ಗಾಳಿಯ ಹತ್ತು ಲಕ್ಷ ಭಾಗಗಳಲ್ಲಿ 25 ಭಾಗಕ್ಕೆ) ಕೂಗುವ ಡಿಟೆಕ್ಟರ್ ಇಲ್ಲದೆ ಕವಾಟವನ್ನು ತೆರೆಯಬಾರದು. ಅದು ಜಲಜನಕಕ್ಕೂ ಕೂಗುತ್ತದೆ, ಆದರೂ ಪ್ರತಿಸಲವೂ ಕೊಠಡಿ ಖಾಲಿ ಮಾಡಿಯೇ ಕಾರಣ ಹುಡುಕುತ್ತೇವೆ.