ಗ್ರಾಫಿಕ್ಸ್ ಕಾರ್ಡ್ ಕೊಳ್ಳುವ ಮುಂಚೆ ಕ್ಯಾಬಿನೆಟ್ ಬಿಚ್ಚಿ ನೋಡಿ, ನಾನು ನೋಡಲಿಲ್ಲ

ಹಳೇ ಪಿಸಿಗೆ ಹೊಸ ಗ್ರಾಫಿಕ್ಸ್ ಕಾರ್ಡ್ ಹಾಕಿಸೋಣ ಅಂತ ದುಡ್ಡು ಕೂಡಿಟ್ಟುಕೊಂಡಿರುವವರು ದಯವಿಟ್ಟು ಇದನ್ನು ಓದಿ. 26 ಸಾವಿರದಲ್ಲಿ ಮುಗಿಯುತ್ತೆ ಅಂದುಕೊಂಡಿದ್ದ ಕೆಲಸ ನನಗೆ 49,850 ರೂಪಾಯಿಗೆ ಬಂದು ನಿಂತಿತು. ಅದೂ ಎರಡು ತಿಂಗಳು ಒದ್ದಾಡಿ, ಒಂದು ಕೇಬಲ್ ಸುಟ್ಟುಕೊಂಡ ಮೇಲೆ.

ನನ್ನ ಪಿಸಿ 2017ರಲ್ಲಿ ಅಸೆಂಬಲ್ ಮಾಡಿಸಿದ್ದು. ಐ5-7400 ಪ್ರೊಸೆಸರ್, ಎಚ್110 ಮದರ್‌ಬೋರ್ಡ್, 8 ಜಿಬಿಯ ಒಂದೇ ರ‍್ಯಾಮ್, ಜಿಟಿಎಕ್ಸ್ 1050 ಟಿಐ ಕಾರ್ಡ್. ಎಸ್‌ಎಂಪಿಎಸ್ (ಪಿಸಿಗೆ ಕರೆಂಟ್ ಕೊಡುವ ಡಬ್ಬಿ) ಕ್ಯಾಬಿನೆಟ್ ಜೊತೆಗೇ ಬಂದಿತ್ತು, ಮೇಲೆ ದೊಡ್ಡದಾಗಿ 450 ಅಂತ ಬರೆದಿತ್ತು. ಏಳು ವರ್ಷದಲ್ಲಿ ಒಂದು ದಿನವೂ ಕೈಕೊಟ್ಟಿರಲಿಲ್ಲ. ಹಾಗಾಗಿ ಸೈಬರ್‌ಪಂಕ್ 2077 ಆಡುವ ಹುಚ್ಚು ಹತ್ತಿದಾಗ, ಕಾರ್ಡ್ ಒಂದು ಬದಲಾಯಿಸಿದರೆ ಸಾಕು ಅಂತ ನಾನೇ ತೀರ್ಮಾನ ಮಾಡಿಕೊಂಡು ಒಂದು ಶನಿವಾರ ಬೆಂಗಳೂರಿನ ಎಸ್‌ಪಿ ರೋಡ್‌ಗೆ ಹೋದೆ.

ಅಂಗಡಿಯಲ್ಲಿ ಕೇಳಿದ್ದು ಒಂದೇ ಪ್ರಶ್ನೆ. "ಅಣ್ಣಾ, ಏಳನೇ ಜನರೇಷನ್ ಐ5 ಇದೆ, ಆರ್‌ಟಿಎಕ್ಸ್ 3060 ಸಪೋರ್ಟ್ ಆಗುತ್ತಾ?"

"ಆರಾಮಾಗಿ ಆಗುತ್ತೆ ಸಾರ್. ಸ್ಲಾಟ್ ಎಲ್ಲಾ ಒಂದೇ. ಹಾಕಿ, ಡ್ರೈವರ್ ಇನ್‌ಸ್ಟಾಲ್ ಮಾಡಿ, ಆಡಿ ಅಷ್ಟೇ."

ಅವನು ಸುಳ್ಳೇನೂ ಹೇಳಲಿಲ್ಲ, ಅದೇ ನೋಡಿ ತಮಾಷೆ. 3060 ಪಿಸಿಐಇ (ಕಾರ್ಡ್ ಕೂರುವ ಸ್ಲಾಟಿನ ಬಗೆ) 4.0 ಕಾರ್ಡ್, ನನ್ನ ಬೋರ್ಡ್ 3.0. ಆದರೂ ಕೂರುತ್ತೆ, ಅದರಿಂದ ಆಗುವ ನಷ್ಟ ಗೊತ್ತೇ ಆಗಲ್ಲ. ಆದರೆ ಅವನ ಬಾಯಲ್ಲಿ 'ಸಪೋರ್ಟ್' ಅಂದರೆ ಡಿಸ್‌ಪ್ಲೇ ಬರುತ್ತೆ ಅಂತ. ನನ್ನ ಕಿವಿಗೆ ಬಿದ್ದಿದ್ದು ಗೇಮ್ ಓಡುತ್ತೆ ಅಂತ. 25,500 ಕೊಟ್ಟು 12 ಜಿಬಿ ಕಾರ್ಡ್ ತಂದೆ.

ಮನೆಗೆ ಬಂದು ಕ್ಯಾಬಿನೆಟ್ ಬಿಚ್ಚಿದರೆ ಕಾರ್ಡಿಗೆ ಎಂಟು ಪಿನ್‌ನ ಪವರ್ ಕೇಬಲ್ ಬೇಕು, ನನ್ನ ಎಸ್‌ಎಂಪಿಎಸ್‌ನಲ್ಲಿ ಅದು ಇಲ್ಲವೇ ಇಲ್ಲ. ಹಳೇ 1050 ಟಿಐಗೆ 75 ವ್ಯಾಟ್ ಸಾಕು, ಅಷ್ಟನ್ನೂ ಸ್ಲಾಟ್‌ನಿಂದಲೇ ಎಳೆದುಕೊಳ್ಳುತ್ತಿತ್ತು, ಬೇರೆ ಕೇಬಲ್ಲಿನ ಯೋಚನೆಯೇ ಬಂದಿರಲಿಲ್ಲ. ಅಂಗಡಿಗೆ ಫೋನ್ ಮಾಡಿದೆ. "ಕನ್ವರ್ಟರ್ ಬರುತ್ತೆ ಸಾರ್, ನೂರೈವತ್ತು ರೂಪಾಯಿ" ಅಂದ. ಎರಡು ಸಾಟಾ ಪ್ಲಗ್ ಸೇರಿಸಿ ಒಂದು ಎಂಟು ಪಿನ್ ಮಾಡುವ ತೆಳ್ಳಗಿನ ವೈರು. ಮಾರನೇ ದಿನವೇ ಮತ್ತೆ ಹೋಗಿ ತಂದೆ.

ಆ ವೈರಿನ ಬಗ್ಗೆ ಸ್ವಲ್ಪ ಜಾಸ್ತಿ ಹೇಳುತ್ತೇನೆ, ಯಾಕೆಂದರೆ ಇದರಲ್ಲಿ ಮನೆಗೆ ಬೆಂಕಿ ಬೀಳುವಷ್ಟು ವಿಷಯ ಇದೆ. ಸಾಟಾ ಪವರ್ ಪ್ಲಗ್ ಇರುವುದು ಹಾರ್ಡ್ ಡಿಸ್ಕಿಗೆ. 12 ವೋಲ್ಟಿನಲ್ಲಿ ಅದರ ಮಿತಿ 4.5 ಆಂಪ್ಸ್, ಅಂದರೆ 54 ವ್ಯಾಟ್. ಎಂಟು ಪಿನ್ ಕನೆಕ್ಟರ್ ಇರುವುದು 150 ವ್ಯಾಟ್ ಕೊಡಲಿಕ್ಕೆ. ಎರಡು ಸಾಟಾ ಸೇರಿಸಿದರೂ 108. ಮೇಲಾಗಿ ನಾನು ಚುಚ್ಚಿದ್ದ ಎರಡೂ ಪ್ಲಗ್ ಒಂದೇ ವೈರಿನಿಂದ ಇಳಿದು ಬಂದಿದ್ದವು. ಗೇಮ್ ಶುರು ಮಾಡಿ ಹತ್ತು ನಿಮಿಷಕ್ಕೆ ಪಿಸಿ ಪಟ್ ಅಂತ ಆಫ್. ಮತ್ತೆ ಆನ್ ಮಾಡಿದೆ, ಮತ್ತೆ ಆಫ್. ಮೂರನೇ ಸಲ ಪ್ಲಾಸ್ಟಿಕ್ ಸುಟ್ಟ ವಾಸನೆ ಬಂತು. ಅಡುಗೆಮನೆಯಿಂದ ಅಮ್ಮ "ಏನೋ ಅದು ಹೊತ್ತಿದ ವಾಸನೆ" ಅಂತ ಓಡಿ ಬಂದರು. ಮೇನ್ ಸ್ವಿಚ್ ಆರಿಸಿ ಬಿಚ್ಚಿ ನೋಡಿದರೆ ಬಿಳೀ ಪ್ಲಗ್ ಕಂದು ಬಣ್ಣಕ್ಕೆ ತಿರುಗಿ ಒಂದು ಮೂಲೆ ಕರಗಿ ಅಂಟಿಕೊಂಡಿತ್ತು. ಕಾರ್ಡ್ ಉಳಿದಿದ್ದು ಪುಣ್ಯ.

ಆವತ್ತು ರಾತ್ರಿ ಮೊಬೈಲ್ ಟಾರ್ಚ್ ಹಿಡಿದು ಮೊದಲ ಸಲ ಎಸ್‌ಎಂಪಿಎಸ್ ಮೇಲಿನ ಚೀಟಿಯನ್ನು ಪೂರ್ತಿ ಓದಿದೆ. 450 ಅನ್ನೋದು ದಪ್ಪ ಅಕ್ಷರದಲ್ಲಿ. ಅದರ ಕೆಳಗೆ ಇರುವೆ ಸಾಲಿನ ಹಾಗೆ ಒಂದು ಪಟ್ಟಿ. ಅದರಲ್ಲಿ 12 ವೋಲ್ಟಿನ ಎದುರು 16 ಆಂಪ್ಸ್. ಗುಣಿಸಿ ನೋಡಿ, 192 ವ್ಯಾಟ್. ಕಾರ್ಡಿಗೆ 170, ಪ್ರೊಸೆಸರ್‌ಗೆ 65, ಅಲ್ಲಿಗೇ 235 ಆಯಿತು. ಇವೆರಡೂ ನಡೆಯುವುದು 12 ವೋಲ್ಟಿನಲ್ಲೇ, ಹಾಗಾಗಿ ಲೆಕ್ಕಕ್ಕೆ ಬರುವುದು ಆ ಒಂದು ಸಾಲು ಮಾತ್ರ, ಮೇಲಿನ ದಪ್ಪ ಅಕ್ಷರ ಅಲ್ಲ. ಈ ಕಾರ್ಡಿಗೆ 550 ವ್ಯಾಟ್‌ನ ಎಸ್‌ಎಂಪಿಎಸ್ ಇರಲಿ ಅಂತ ಎನ್‌ವಿಡಿಯಾದವರು ಹೇಳುತ್ತಾರೆ. ನಾನು ಓದಿರಲಿಲ್ಲ. 4,200 ಕೊಟ್ಟು ಒಳ್ಳೇ 550 ವ್ಯಾಟ್‌ನದು ತಂದೆ.

ಆಫ್ ಆಗುವುದು ನಿಂತಿತು. ಆದರೆ ಗೇಮ್? ರಸ್ತೆಯಲ್ಲಿ ಜನ ಸೇರಿದ ಕಡೆ ಸೆಕೆಂಡಿಗೆ 30, 35 ಫ್ರೇಮ್ (ಚಿತ್ರ), ನಡುನಡುವೆ ಅರ್ಧ ಸೆಕೆಂಡ್ ಗಕ್ಕಂತ ನಿಲ್ಲುತ್ತಿತ್ತು. ಟಾಸ್ಕ್ ಮ್ಯಾನೇಜರ್ ನೋಡಿದರೆ ಪ್ರೊಸೆಸರ್ 100 ಪರ್ಸೆಂಟ್, 25 ಸಾವಿರದ ಕಾರ್ಡ್ 40ರ ಆಸುಪಾಸಿನಲ್ಲಿ ಆಕಳಿಸುತ್ತಾ ಕೂತಿತ್ತು. ಸೆಟ್ಟಿಂಗ್ ಎಲ್ಲಾ ಲೋಗೆ ಇಳಿಸಿದೆ. ಅದೇ 35. ರೆಸಲ್ಯೂಷನ್ 720ಕ್ಕೆ ಇಳಿಸಿದೆ. ಅದೇ 35! ಐ5-7400 ಅಂದರೆ ನಾಲ್ಕು ಕೋರ್, ನಾಲ್ಕೇ ಥ್ರೆಡ್, ಅಂದರೆ ಒಂದೇ ಸಲಕ್ಕೆ ನಾಲ್ಕು ಕೆಲಸ ಮಾತ್ರ. ಈ ಗೇಮಿಗೆ 2023ರಲ್ಲಿ 2.0 ಅಪ್‌ಡೇಟ್ ಬಂದ ಮೇಲೆ ಕನಿಷ್ಠವೇ ಐ7-6700 ಬೇಕು ಅಂತ ಮಾಡಿದ್ದಾರೆ, ಅದಕ್ಕೆ ಎಂಟು ಥ್ರೆಡ್. ಇದೂ ಓದಿರಲಿಲ್ಲ.

ರ‍್ಯಾಮ್ ಒಂದೇ ಸ್ಟಿಕ್ ಇದ್ದಿದ್ದರಿಂದ ಇನ್ನೊಂದು 8 ಜಿಬಿ ಹಾಕಿದೆ, 1,700. ಗಕ್ಕಂತ ನಿಲ್ಲುವುದು ಕಡಿಮೆಯಾಯಿತು, ಫ್ರೇಮ್ ಅಷ್ಟಕ್ಕಷ್ಟೇ.

ಇಲ್ಲಿಗೆ ಬುದ್ಧಿ ಬರಬೇಕಿತ್ತು ಅಲ್ವಾ? ಬರಲಿಲ್ಲ. ನನ್ನ ಬೋರ್ಡಿನಲ್ಲಿ ಪ್ರೊಸೆಸರ್ ಕೂರುವ ಸಾಕೆಟ್ ಎಲ್‌ಜಿಎ 1151. ಐ5-9400ಎಫ್‌ನದೂ 1151, ಅದಕ್ಕೆ ಆರು ಕೋರ್. ಸೆಕೆಂಡ್ ಹ್ಯಾಂಡ್‌ನಲ್ಲಿ 5,500ಕ್ಕೆ ಸಿಕ್ಕಿತು, ನಾನೇ ಜಾಣ ಅಂತ ಬೀಗುತ್ತಾ ತಂದು ಹಾಕಿದೆ. ಫ್ಯಾನ್ ತಿರುಗಿತು, ಡಿಸ್‌ಪ್ಲೇ ಇಲ್ಲ. ರ‍್ಯಾಮ್ ಒರೆಸಿದೆ, ಬ್ಯಾಟರಿ ತೆಗೆದು ಹಾಕಿದೆ, ದೇವರಿಗೆ ಕೈಮುಗಿದೆ, ಡಿಸ್‌ಪ್ಲೇ ಇಲ್ಲ. ಆಮೇಲೆ ಗೊತ್ತಾಗಿದ್ದು: ಸಾಕೆಟ್ ಹೆಸರು ಒಂದೇ, ಪ್ರೊಸೆಸರ್ ಅದರಲ್ಲಿ ಕೂರುತ್ತೆ ಕೂಡ, ಆದರೆ ಇಂಟೆಲ್‌ನ ಎಂಟು ಮತ್ತು ಒಂಬತ್ತನೇ ಜನರೇಷನ್‌ಗೆ 300 ಸರಣಿಯ ಬೋರ್ಡ್ ಬೇಕು. ಎಚ್110ರಲ್ಲಿ ನಡೆಯುವುದು ಆರು ಮತ್ತು ಏಳು ಮಾತ್ರ. ಹಾಗಾಗಿ ಪ್ರೊಸೆಸರ್ ಕೊಳ್ಳುವಾಗ ಸಾಕೆಟ್ ಹೆಸರು ಮಾತ್ರ ನೋಡಬೇಡಿ, ಬೋರ್ಡ್ ಕಂಪನಿಯ ಸೈಟಿನಲ್ಲಿ ನಿಮ್ಮ ಮಾಡೆಲ್ ಹುಡುಕಿದರೆ ಯಾವ್ಯಾವ ಪ್ರೊಸೆಸರ್ ನಡೆಯುತ್ತೆ, ಯಾವ ಬಯಾಸ್ (ಬೋರ್ಡಿನೊಳಗಿನ ಸಾಫ್ಟ್‌ವೇರ್) ಇರಬೇಕು ಅಂತ ಪೂರ್ತಿ ಪಟ್ಟಿ ಇರುತ್ತೆ. ಅದನ್ನು ನೋಡಿದ್ದರೆ ಹಳೇ ಐ7-7700 ಹುಡುಕಿ ಹಾಕಿಕೊಂಡು ಅದೇ ಬೋರ್ಡಿನಲ್ಲಿ ಇನ್ನೆರಡು ವರ್ಷ ತಳ್ಳಬಹುದಿತ್ತು.

ಎಎಂಡಿ ಪ್ರೊಸೆಸರ್ ಇರುವವರು ಈ ವಿಷಯದಲ್ಲಿ ಅದೃಷ್ಟವಂತರು. ನಮ್ಮ ಆಫೀಸಿನವರೊಬ್ಬರ ಹತ್ತಿರ ಬಿ450 ಬೋರ್ಡ್, ರೈಜನ್ 2600 ಇತ್ತು. ಬಯಾಸ್ ಅಪ್‌ಡೇಟ್ ಮಾಡಿ ರೈಜನ್ 5600 ಹಾಕಿದರು. ಅದೇ ಬೋರ್ಡ್, ಅದೇ ರ‍್ಯಾಮ್, ಅರ್ಧ ದಿನದ ಕೆಲಸ. ಹಳೇ ಪ್ರೊಸೆಸರ್ ಇರುವಾಗಲೇ ಬಯಾಸ್ ಅಪ್‌ಡೇಟ್ ಮಾಡಿಬಿಡಿ, ಬಿಚ್ಚಿದ ಮೇಲೆ ನೆನಪಾದರೆ ಪ್ರಯೋಜನ ಇಲ್ಲ.

ಕೊನೆಗೆ ನಾನು 9400ಎಫ್ ಅನ್ನು ಸಾವಿರ ಲಾಸ್‌ಗೆ ಮಾರಿ, 10,500ಕ್ಕೆ ಐ5-12400ಎಫ್, 6,800ಕ್ಕೆ ಎಚ್610 ಬೋರ್ಡ್ ತಗೊಂಡೆ. ನನ್ನ ರ‍್ಯಾಮ್ ಡಿಡಿಆರ್4 ಅನ್ನೋ ಬಗೆಯದು. ಈ ಬೋರ್ಡ್ ಡಿಡಿಆರ್4ನಲ್ಲೂ ಬರುತ್ತೆ, ಡಿಡಿಆರ್5ನಲ್ಲೂ ಬರುತ್ತೆ. ಅಂಗಡಿಯವನು ಡಿಡಿಆರ್5ದು ಕೈಗಿಟ್ಟಿದ್ದ, ಈ ಸಲ ಡಬ್ಬಿ ಓದಿ ವಾಪಸ್ ಕೊಟ್ಟೆ, ಇಲ್ಲದಿದ್ದರೆ ರ‍್ಯಾಮೂ ಹೊಸದು ಕೊಳ್ಳಬೇಕಿತ್ತು. ಈಗ ಅದೇ ಕಾರ್ಡ್ 95 ಪರ್ಸೆಂಟ್ ದುಡಿಯುತ್ತಿದೆ.

ನನಗೆ ಹೊಟ್ಟೆ ಉರಿಯುವುದು ದುಡ್ಡಿಗಿಂತ ಒಂದು ವಿಷಯಕ್ಕೆ. ಆ 720 ರೆಸಲ್ಯೂಷನ್ ಪರೀಕ್ಷೆಯನ್ನು ಹಳೇ ಕಾರ್ಡಿನಲ್ಲೇ, ಒಂದು ರೂಪಾಯಿ ಖರ್ಚಿಲ್ಲದೆ ಮಾಡಬಹುದಿತ್ತು. ನೀವು ಆಡುವ ಗೇಮ್ ತೆರೆಯಿರಿ, ಎಲ್ಲಾ ಲೋಗೆ ಇಳಿಸಿ, ರೆಸಲ್ಯೂಷನ್ ಕೂಡ ಇಳಿಸಿ, ಜನ ತುಂಬಿದ ಜಾಗಕ್ಕೆ ಹೋಗಿ ನಿಂತು ಫ್ರೇಮ್ ನೋಡಿ. ಅಲ್ಲಿ ಪ್ರೊಸೆಸರ್ ಪೂರ್ತಿ ದಣಿದು ಕಾರ್ಡ್ ಸುಮ್ನೆ ಇದ್ದರೆ, ಬರುತ್ತಿರುವ ಫ್ರೇಮ್ ಹೆಚ್ಚು ಕಡಿಮೆ ನಿಮ್ಮ ಪ್ರೊಸೆಸರ್‌ನ ಯೋಗ್ಯತೆ. ಎಂಥಾ ಕಾರ್ಡ್ ತಂದರೂ ಅದರ ಮೇಲೆ ಏರಲ್ಲ. ಹೊಸ ಕಾರ್ಡಿನಿಂದ ಚಿತ್ರ ಚೆಂದ ಆಗಬಹುದು ಅಷ್ಟೇ. 60 ಹರ್ಟ್ಜ್ ಮಾನಿಟರ್ (ಸೆಕೆಂಡಿಗೆ 60 ಫ್ರೇಮ್ ತೋರಿಸುವುದು) ಇಟ್ಟುಕೊಂಡು ಅಲ್ಲಿ 70, 80 ಬರುತ್ತಿದ್ದರೆ ಆರಾಮಾಗಿ ಕಾರ್ಡ್ ಒಂದನ್ನೇ ತಗೊಳ್ಳಿ. ಇಂಟರ್‌ನೆಟ್ಟಿನಲ್ಲಿ ಬಾಟಲ್‌ನೆಕ್ (ಒಂದು ಭಾಗ ಇನ್ನೊಂದನ್ನು ತಡೆಹಿಡಿಯುವುದು) 23 ಪರ್ಸೆಂಟ್ ಅಂತೆಲ್ಲ ಹೇಳುವ ಕ್ಯಾಲ್ಕುಲೇಟರ್‌ಗಳನ್ನು ನಂಬಬೇಡಿ. ನೀವು ಯಾವ ಗೇಮ್ ಆಡುತ್ತೀರಿ ಅಂತಲೇ ಅವುಗಳಿಗೆ ಸರಿಯಾಗಿ ಗೊತ್ತಿರಲ್ಲ.

ಮೊನ್ನೆ ತುಮಕೂರಿನಿಂದ ಚಿಕ್ಕಪ್ಪನ ಮಗ ಫೋನ್ ಮಾಡಿದ್ದ. "ಅಣ್ಣಾ, ಕಾರ್ಡ್ ಆಫರ್‌ನಲ್ಲಿದೆ, ತಗೊಂಡುಬಿಡಲಾ?" ಅಂದ. ಮೊದಲು ಎಸ್‌ಎಂಪಿಎಸ್ ಚೀಟಿಯ ಫೋಟೊ ಕಳಿಸು ಅಂದೆ. ಕಳಿಸಿದ. 500 ಅನ್ನೋ ದಪ್ಪ ಅಕ್ಷರ ಮಾತ್ರ ಕಾಣುತ್ತಿತ್ತು. ಕೆಳಗಿನ ಚಿಕ್ಕ ಪಟ್ಟಿ ಕಾಣೋ ಹಾಗೆ ಇನ್ನೊಂದು ತೆಗಿ ಮಾರಾಯ ಅಂತ ಹೇಳಿದ್ದೇನೆ, ಸ್ಕ್ರೂಡ್ರೈವರ್ ಹುಡುಕುತ್ತಿದ್ದಾನಂತೆ.