ಎಕ್ಸಾಕ್ಟ್ ಆಡಿಯೋ ಕಾಪಿ: ನಿಧಾನವಾದರೂ ನಿಖರ
ಆಡಿಯೋ ಸಿಡಿಗಳನ್ನು ಕಂಪ್ಯೂಟರಿಗೆ ಇಳಿಸಿಕೊಳ್ಳುವ ಈ ತಂತ್ರಾಂಶದ ನಿಧಾನಗತಿ ಮೊದಮೊದಲು ನನಗೆ ಬೇಸರ ತರಿಸಿತ್ತು. ಡೇಟಾ ಸಿಡಿಯಲ್ಲಿರುವ ಹೆಚ್ಚುವರಿ ದೋಷ ತಿದ್ದುವ ಪದರ ಆಡಿಯೋ ಸಿಡಿಯಲ್ಲಿ ಇಲ್ಲದಿರುವುದರಿಂದ, ಸೆಕೆಂಡಿಗೆ 75ರಂತೆ ಬರುವ, ತಲಾ 2352 ಬೈಟುಗಳ ಸೆಕ್ಟರುಗಳಲ್ಲಿ (ಮಾಹಿತಿಯ ತುಣುಕುಗಳಲ್ಲಿ) ಒಂದನ್ನು ಡ್ರೈವ್ ತಪ್ಪಾಗಿ ಓದಿದರೂ ಆ ತಪ್ಪು ಸದ್ದಿಲ್ಲದೆ, ಕೆಲವೊಮ್ಮೆ ಸದ್ದಿನೊಂದಿಗೇ, ಕಡತಕ್ಕೆ ಸೇರಿಬಿಡುತ್ತದೆ. ಸೆಕ್ಯೂರ್ ವಿಧಾನದಲ್ಲಿ ತಂತ್ರಾಂಶವು ಸೆಕ್ಟರುಗಳನ್ನು ಮತ್ತೆ ಓದಿ ತಾಳೆ ನೋಡುತ್ತದೆ. ಗೀರು ಬಿದ್ದ ನನ್ನ ಸಿಡಿಯೊಂದನ್ನು, ತಾಳೆ ನೋಡದೆ ವೇಗವಾಗಿ ಓದುವ ಬರ್ಸ್ಟ್ ವಿಧಾನದಲ್ಲಿ ಕೆಲವೇ ನಿಮಿಷಗಳಲ್ಲಿ ಇಳಿಸಿಕೊಂಡಾಗ ಮೂರನೆಯ ಹಾಡಿನ ನಡುವೆ ‘ಟಿಕ್’ ಎಂಬ ಸದ್ದು ಕೇಳಿಸಿತು. ಸೆಕ್ಯೂರ್ ವಿಧಾನದಲ್ಲಿ ಅದೊಂದೇ ಹಾಡು ಅರ್ಧ ಗಂಟೆ ತೆಗೆದುಕೊಂಡರೂ ಶುದ್ಧವಾಗಿ ಬಂತು. ಗೀರಿಲ್ಲದ ಸಿಡಿಗಳಿಗೆ ಇಷ್ಟು ತಾಳ್ಮೆ ಬೇಕಿಲ್ಲ: ಬರ್ಸ್ಟ್‌ನಲ್ಲಿ ಓದಿಸಿ, ಹಾಡಿನ ಚೆಕ್‌ಸಮ್ (ಅದರ ಮಾಹಿತಿಯಿಂದ ಲೆಕ್ಕ ಹಾಕಿದ ಗುರುತು ಸಂಖ್ಯೆ) ಅಕ್ಯುರೇಟ್‌ರಿಪ್ ಎಂಬ ಆನ್‌ಲೈನ್ ಸಂಗ್ರಹದಲ್ಲಿರುವ, ಅದೇ ಸಿಡಿಯನ್ನು ಇಳಿಸಿಕೊಂಡ ಇತರರ ಚೆಕ್‌ಸಮ್‌ಗಳಿಗೆ ಹೊಂದಿದರೆ ಸಾಕು.